ಕರೆಂಟಿಲ್ಲದ ಮಧ್ಯಾಹ್ನ ನುಡಿದ ಬೇಸ್ ಗಿಟಾರ್

ದೆವ್ವ ಪಿಶಾಚಿ ಎಂದರೆ ನಾನು ನಗುತ್ತಿದ್ದೆ, ಈಗಲೂ ನಗುತ್ತೇನೆ. ಇದನ್ನು ಓದಿ ನನ್ನನ್ನು ದೆವ್ವ ನಂಬುವವರ ಗುಂಪಿಗೆ ಸೇರಿಸಬೇಡಿ.

ಎಂಬತ್ತರ ದಶಕದ ಆರಂಭದ ಮಾತು. ತಿಪಟೂರಿನಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ. ಅಣ್ಣ ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಯಾರೋ ಬಳಸಿ ಬಿಟ್ಟ, ನಾಲ್ಕು ದಪ್ಪ ತಂತಿಯ ಹಳೇ ಗಿಟಾರು. ಅವನು ಕಾಮಾಲೆಯಾಗಿ ತೀರಿಕೊಂಡ ಮೇಲೆ ಅಮ್ಮ ಅದನ್ನು ನಮ್ಮೂರು ಹಾಲ್ಕುರಿಕೆಯ ಮನೆಯಲ್ಲಿ, ಅಟ್ಟದ ಮೇಲೆ ಕೊಬ್ಬರಿಯಾಗಲು ಹಾಕಿದ್ದ ಕಾಯಿಗಳ ಪಕ್ಕ ಜೋಪಾನವಾಗಿ ಇಡಿಸಿದಳು. ಕೆಳಗಿನ ಒಲೆಯಿಂದ ಏರುವ ಹೊಗೆ ಕಾಯಿಗೆ ಒಳ್ಳೆಯದು, ಗಿಟಾರಿಗಲ್ಲ. ಕೆಲವೇ ತಿಂಗಳಲ್ಲಿ ಒಳಗಿನ ವೈರುಗಳಿಗೆಲ್ಲ ಕಿಲುಬು ಹಿಡಿದಿತ್ತು.

ವರ್ಷ ತುಂಬುವವರೆಗೆ ಸತ್ತವರ ಕೈಯ ಸಾಮಾನು ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಹಳೇ ವೈರು ಕಿತ್ತು ಹೊಸದು ಹಾಕಲೆಂದು ನಾನು ಗಿಟಾರ್ ಇಳಿಸಿದಾಗ ಅಮ್ಮ ಅಡ್ಡ ನಿಂತಳು.

"ಅವನ ಕೈ ಆಡಿದ್ದೆಲ್ಲ ಕಿತ್ತು ಬಿಸಾಕ್ತೀಯೇನ್ಲಾ? ನಂಗಿನ್ನೇನ್ ಉಳೀತೈತೆ?"

"ಅಟ್ಟದ ಮೇಲೆ ಕೊಳೆಯಾಕೆ ಬುಟ್ರೆ ಏನಮ್ಮ ಉಳೀತೈತೆ?" ಎಂದೆ. ಅಣ್ಣನ ಗಿಟಾರು ಮೂಕವಾಗಿ ಬಿದ್ದಿರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಜಗುಲಿಯ ಮೇಲೆ ಕೂತು ತಂತಿ ಬಿಚ್ಚಿದೆ. ತಂತಿಯ ನಾದ ಹಿಡಿಯುವ ಪಿಕಪ್, ವಾಲ್ಯೂಮ್ ಕಂಟ್ರೋಲ್, ವೈರು ಎಲ್ಲ ಕಿತ್ತೆ. ಹೊಸದನ್ನು ಕೂರಿಸಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕರಟದ ಕೆಂಡದಲ್ಲಿ ಬೆಸುಗೆ ಕಡ್ಡಿ ಕಾಯಲಿಟ್ಟೆ. ಆಗ ಗೋಡೆಗೆ ಒರಗಿಸಿದ್ದ ಅಣ್ಣನ ಸ್ಪೀಕರ್ ಪೆಟ್ಟಿಗೆಯಿಂದ ಬೇಸ್ ಕೇಳಿಸಿತು. ಶ್ರುತಿ ಕೂಡಿಸಿದ ಮೇಲೆ ಅಣ್ಣ ತಪ್ಪದೆ ನುಡಿಸುತ್ತಿದ್ದ ಸಣ್ಣ ತುಣುಕು, ಕೊನೆಗೆ ಬೆರಳು ಜಾರಿಸುವ ಅವನ ಚಾಳಿಯೂ ಸೇರಿ. ಕೂತಿದ್ದ ಹಲಗೆ ಅದುರಿತು. ಗಿಟಾರಿನ ಹೊಟ್ಟೆ ಖಾಲಿ, ಪೆಟ್ಟಿಗೆಯ ಪ್ಲಗ್ಗು ನನ್ನ ಕಾಲ ಬಳಿ ಬಿದ್ದಿತ್ತು.

ಹೆದರಿದೆ. ಹೆದರಿದ್ದಕ್ಕೆ ಸಿಟ್ಟೂ ಬಂತು. ಪಕ್ಕದ ಮನೆಯ ಶಿವಣ್ಣನವರಿಗೂ ಕೇಳಿಸಿತ್ತು. "ಅವ್ನು ಬ್ಯಾಡ ಅಂತಾವ್ನೆ, ಬುಟ್ಬುಡಪ್ಪ!" ಎಂದು ಕೂಗಿದರು.

"ಬ್ಯಾಡ ಅಂದ್ನೋ ಮಾಡು ಅಂದ್ನೋ, ನಿಮ್ಗೇನ್ರೀ ಗೊತ್ತು?" ಎಂದವನು ಬೆಸುಗೆ ಮುಗಿಸಿಯೇ ಎದ್ದೆ.

ಅಮ್ಮ ಕಂಬ ಹಿಡಿದು ನಿಂತಿದ್ದಳು. ಅಳಲಿಲ್ಲ, ಬೈಯಲಿಲ್ಲ. "ಇನ್ನೊಂದ್ಸಲ ಬಿಚ್ಚು ಮಗಾ, ಕೇಳ್ಬೇಕು" ಎಂದಳು.

ಹೊಸ ಪಿಕಪ್ಪಿನ ಸದ್ದು ಸೊಗಸಾಗಿತ್ತು. ಅಣ್ಣನ ಗೆಳೆಯರು ಎಷ್ಟೋ ಮದುವೆಗಳಲ್ಲಿ ಅದನ್ನು ನುಡಿಸಿದರು. ದೆವ್ವವೆಂದರೆ ನಾನು ಒಪ್ಪುವುದಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಕರೆಂಟು ಎನ್ನುವ ಬುದ್ಧಿವಂತರನ್ನೂ ಒಪ್ಪುವುದಿಲ್ಲ. ಆ ಕಸುಬು ನನ್ನದು. ಏನೆಂದು ಮಾತ್ರ ತಿಳಿದಿಲ್ಲ. ಗಿಟಾರು ಮನೆಯಲ್ಲಿದ್ದು ಕರೆಂಟು ಹೋದಾಗಲೆಲ್ಲ, ಚೆನ್ನಾಗಿದ್ದುದನ್ನೇ ಬಿಚ್ಚಿಟ್ಟುಕೊಂಡು ಅಮ್ಮನೂ ನಾನೂ ಜಗುಲಿಯ ಮೇಲೆ ಕೂರುತ್ತಿದ್ದೆವು. ಮತ್ತೆ ನುಡಿಯಲಿಲ್ಲ. ಅಮ್ಮ ಹೋದ ಮೇಲೂ ನಾನು ಬಿಚ್ಚುವುದನ್ನು ಬಿಟ್ಟಿಲ್ಲ.