ಎಲೆಗೆ ಕೈ ಅಡ್ಡ ಹಿಡಿಯದ ವಾಸು

ವಾಸು ಊಟಕ್ಕೆ ಕೂತರೆ ಎಲೆಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ನಮ್ಮ ಉಡುಪಿ ಕಡೆ ಸಾಕಾದರೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎಲೆಯ ಮೇಲೆ ಅಂಗೈ ಹಿಡಿದರಾಯಿತು, ಬಡಿಸುವವರು ಮುಂದೆ ಹೋಗುತ್ತಾರೆ. ಇವನ ಕೈ ಅನ್ನ ಕಲಸುವುದರಲ್ಲೇ ಇರುತ್ತಿತ್ತು. ಆಳು ನೋಡಿದರೆ ಕಡ್ಡಿ. ತಿಂದದ್ದು ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ಊರು ಬಿಟ್ಟು ಬಂದು ಲೇಕ್ ಮಾರ್ಕೆಟ್ಟಿನ ಹತ್ತಿರ ನಾನೂ ಯಜಮಾನರೂ ನಡೆಸುತ್ತಿದ್ದ ಮೆಸ್ಸಿಗೆ ಇಂಥವರು ಇನ್ನೊಬ್ಬರು ಬಂದಿದ್ದರೆ ನಾವು ಬಾಗಿಲು ಹಾಕಿ ಹೌರಾದಲ್ಲಿ ಊರಿನ ರೈಲು ಹತ್ತಬೇಕಾಗುತ್ತಿತ್ತು.

ಅವನ ಕೆಲಸ ಕಂಪ್ಯೂಟರಿನದು. ಎಪ್ಪತ್ತರ ದಶಕದಲ್ಲಿ ಅದೊಂದು ಕೋಣೆ ತುಂಬುವ ಯಂತ್ರ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅವನು ಅದರ ಕತೆಯೆಲ್ಲ ನನಗೇ ಹೇಳುತ್ತಿದ್ದ. ಬೇರೆಯವರು ಎದ್ದು ಹೋಗುತ್ತಿದ್ದರು. ಸೌಟು ಹಿಡಿದು ನಿಂತ ನಾನು ಎಲ್ಲಿಗೆ ಹೋಗಲಿ?

ಒಮ್ಮೆ ಅವನ ಆಫೀಸಿಗೆ ಹೊಸ ಪ್ರಿಂಟರು ಬಂತು. ಅದನ್ನು ಹಳೆ ಕಂಪ್ಯೂಟರಿಗೆ ಹೊಂದಿಸುವ ಕೆಲಸ ವಾಸುವಿನ ತಲೆಗೆ ಬಿತ್ತು.

"ತಂತಿ ಸಿಕ್ಕಿಸಿದ್ರೆ ಆಗೂದಿಲ್ವಾ?" ಎಂದೆ.

"ಆಗೂದಿಲ್ಲ ಅಕ್ಕ. ಕಂಪ್ಯೂಟರಿನ ಒಳಗೆ ಒಂದು ಮೂಲ ಪ್ರೋಗ್ರಾಮು ಉಂಟು, ನಿಮ್ಮ ಅಡುಗೆಮನೆಯ ಹಾಗೆ. ಹೊರಗಿನವರು ಅದರೊಳಗೆ ಕಾಲಿಡುವ ಹಾಗಿಲ್ಲ. ಹೊಸ ಯಂತ್ರ ಬಂದ್ರೆ ಅದರ ರೀತಿ ಗೊತ್ತಿರುವವ ಒಬ್ಬನನ್ನು ತಯಾರು ಮಾಡಿ ಒಳಗೆ ಕೂರಿಸಬೇಕು. ಅವನಿಗೆ ಡ್ರೈವರ್ ಅಂತ ಹೆಸರು. ಅವ ತಪ್ಪಿದ್ರೆ ಇಡೀ ಅಡುಗೆಯೇ ಹಾಳು."

"ಹಾಗಾದ್ರೆ ಸ್ನಾನ ಮಾಡಿಸಿ ಒಳಗೆ ಬಿಡು."

ಅವನು ನಕ್ಕ. ಒಳಗೆ ಕಾಯಿ ತುರಿಯುತ್ತಿದ್ದ ನನ್ನ ತಂಗಿ ಶಾರದೆಯೂ ನಕ್ಕಳು. ಆ ನಗು ಕೇಳಲಿಕ್ಕೇ ಅವನು ಅಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದದ್ದು ಎಂದು ತಿಳಿಯಲು ನನಗೆ ನಾಲ್ಕನೇ ಕ್ಲಾಸೇ ಸಾಕಿತ್ತು. ಮದುವೆಗೆ ಎರಡೂ ಮನೆಯವರ ಒಪ್ಪಿಗೆ ಇತ್ತು. ಅಪ್ಪಯ್ಯನದು ಮಾತ್ರ ಒಂದೇ ಹಟ: ಹುಡುಗನ ಕೆಲಸ ಖಾಯಂ ಆಗಬೇಕು, ಇಲ್ಲದಿದ್ದರೆ ಬೇರೆ ಗಂಡು. ಆಫೀಸಿನ ಸಾಹೇಬರದೂ ಒಂದೇ ಹಟ: ದುರ್ಗಾಪೂಜೆಯ ರಜೆಗೆ ಮುಂಚೆ ಪ್ರಿಂಟರು ಸರಿಯಾಗಿ ಓಡಬೇಕು, ಇಲ್ಲದಿದ್ದರೆ ವಾಸು ಊರಿಗೆ.

ಪ್ರಿಂಟರು ಓಡುತ್ತಿತ್ತು, ಆದರೆ ನಡುನಡುವೆ ಸಾಲುಗಳನ್ನು ನುಂಗುತ್ತಿತ್ತು. ಒಂದಕ್ಷರ ತಿದ್ದಿದರೂ ಆ ಮೂಲ ಪ್ರೋಗ್ರಾಮನ್ನು ಪೂರ್ತಿ ಹೊಸದಾಗಿ ಕಟ್ಟಬೇಕಂತೆ. ಅರ್ಧ ಕಟ್ಟುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಬೀದಿಯಲ್ಲಿ ಪೂಜೆಯ ಪೆಂಡಾಲಿಗೆ ಬಿದಿರು ನೆಡಲು ಶುರುವಾಯಿತು. ವಾಸು ಮೊದಲ ಸೌಟಿಗೇ ಎಲೆಗೆ ಕೈ ಅಡ್ಡ ಹಿಡಿಯತೊಡಗಿದ. ಶಾರದೆ ತುರಿದ ಕಾಯಿಯಲ್ಲಿ ಕರಟವೂ ಬರತೊಡಗಿತು.

ಆಗ ಊರಿನಿಂದ ಗೋವಿಂದ ಎಂಬ ನಡುವಯಸ್ಸಿನವನು ಬಡಿಸಲು ಹೊಸದಾಗಿ ಬಂದಿದ್ದ. ಬಂಗಾಳಿಯ ಒಂದಕ್ಷರ ಬಾರದು. ಒಂದು ಮಧ್ಯಾಹ್ನ ವಾಸುವಿನ ಪಕ್ಕದಲ್ಲಿ ಬಂಗಾಳಿ ಮೇಷ್ಟ್ರೊಬ್ಬರು ಕೂತಿದ್ದರು. ಗೋವಿಂದ ಸಾಂಬಾರು ಬಡಿಸಿದ. ಮೇಷ್ಟ್ರು ಎರಡೂ ಕೈ ಎದೆಗೆ ಎಳೆದುಕೊಂಡು ಹಿಂದಕ್ಕೆ ಒರಗಿ, "ಆರ್ ನಾ, ಆರ್ ನಾ" ಎಂದರು. ಇನ್ನು ಬೇಡ ಎಂದು. ಗೋವಿಂದ ಮತ್ತೊಂದು ಸೌಟು ಹಾಕಿದ. ಆಮೇಲೆ ಇನ್ನೊಂದು. ಸಾಂಬಾರು ಎಲೆ ದಾಟಿ ಮೇಜು ದಾಟಿ ಮೇಷ್ಟ್ರ ಬಿಳಿ ಪಂಚೆಗೆ ಇಳಿಯಿತು.

"ಕಣ್ಣು ಕಾಣೂದಿಲ್ವಾ ನಿಂಗೆ?" ಎಂದು ಕೂಗಿದೆ.

"ಅವರು ಕೈ ಅಡ್ಡ ಹಿಡೀಲೇ ಇಲ್ಲ ಅಕ್ಕ! ನಾನು ಕಾಯ್ತಾ ಇದ್ದೆ!"

ಬೇರೆಯವರು ನಕ್ಕರು. ವಾಸು ನಗಲಿಲ್ಲ. ಚೆಲ್ಲಿದ ಸಾಂಬಾರನ್ನೇ ನೋಡುತ್ತಿದ್ದವನು ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಓಡಿದ.

"ಕೈ ತೊಳ್ಕೊಂಡು ಹೋಗೋ ಮಾರಾಯ!"

ಕೇಳಿಸಲಿಲ್ಲ. ಟ್ರಾಮಿನ ಹಿಂದೆ ಓಡುತ್ತಿದ್ದ.

ಮರುದಿನ ಅಗಲದ ಕಾಗದದ ಕಟ್ಟು ಹಿಡಿದು ಬಂದ. ಕಣ್ಣು ಕೆಂಪು, ಮುಖ ಅರಳಿತ್ತು. "ಹಳೆ ಪ್ರಿಂಟರು ತಡಿ ಅಂತ ಹೇಳ್ತಿದ್ದ ರೀತಿ ಒಂದು, ಹೊಸತು ಹೇಳುವ ರೀತಿ ಇನ್ನೊಂದು ಅಕ್ಕ. ನಾನು ಒಳಗೆ ಕೂರಿಸಿದ ಡ್ರೈವರ್ ಹಳೆಯದರ ಕೈಯನ್ನೇ ಕಾಯ್ತಾ ಇದ್ದ. ಹೊಸತು ಬೇಡ ಬೇಡ ಅಂದ್ರೂ ಸುರೀತಾ ಇದ್ದ. ಕಾಣೆಯಾದ ಸಾಲೆಲ್ಲ ಹಾಗೆ ಚೆಲ್ಲಿ ಹೋದದ್ದು."

ಶಾರದೆ ಕಾಗದದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ನೋಡಿ ಬಂದಳು. ಒಂದೂ ತಪ್ಪಿರಲಿಲ್ಲ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ದಿನ ವಾಸು ಉಂಡ ಊಟಕ್ಕೆ ಎರಡನೇ ಸಲ ಅನ್ನಕ್ಕಿಡಬೇಕಾಯಿತು. ಕಾಗದವನ್ನು ನಾನು ಡಬ್ಬಿಗಳ ಕೆಳಗೆ ಹಾಸಿದೆ. ಒಳ್ಳೆ ದಪ್ಪ ಕಾಗದ.

ನಮ್ಮ ಸಾಂಬಾರಿನಿಂದ ಕಂಪ್ಯೂಟರು ಸರಿಯಾಯಿತು ಎಂದು ಯಜಮಾನರು ಸಾಯುವವರೆಗೂ ಹೇಳುತ್ತಿದ್ದರು. ಸುಳ್ಳು. ಚೆಲ್ಲಿದ ಸಾಂಬಾರಿನಲ್ಲಿ ಪ್ರಿಂಟರು ಕಾಣಬೇಕಾದರೆ ಮೊದಲು ಅಷ್ಟು ದಿನ ತಲೆ ಕೆಡಿಸಿಕೊಂಡಿರಬೇಕು. ನನಗೆ ಕಂಡದ್ದು ಒರೆಸಬೇಕಾದ ನೆಲ.

ಕೆಲಸ ಖಾಯಂ ಆಯಿತು, ಮದುವೆಯೂ ಆಯಿತು. ಮುಂದೆ ಅದೇ ಊರಿನ ಸಾಲ್ಟ್ ಲೇಕ್ ಬಡಾವಣೆಯಲ್ಲಿ ಮನೆ ಮಾಡಿಕೊಂಡರು.

ಎಷ್ಟೋ ವರ್ಷಗಳ ಮೇಲೆ ನಾನು ಅವನನ್ನು ಕೊನೆಯ ಸಲ ನೋಡಿದ್ದು ಅಲ್ಲೇ. ಇನ್ನು ಔಷಧದಿಂದ ಪ್ರಯೋಜನವಿಲ್ಲ ಎಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಶಾರದೆ ಗಂಜಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದಳು. "ಇನ್ನೊಂದು ಚಮಚ. ನನಗೋಸ್ಕರ." ಅವನು ನುಂಗಿದ. "ಇದೊಂದೇ." ಮತ್ತೆ ನುಂಗಿದ. ಮುಖ ಕಿವುಚಿದ. ಆಮೇಲೆ ಒಣಗಿದ ಕೈ ನಿಧಾನವಾಗಿ ಎತ್ತಿ ಬಟ್ಟಲ ಮೇಲೆ ಇಟ್ಟ.

ಅವಳು ಆ ಕೈಯನ್ನು ಸರಿಸಲು ಹೋದಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಗೋವಿಂದನಾದ್ರೂ ಇಲ್ಲಿಗೆ ನಿಲ್ಲಿಸ್ತಿದ್ದ. ಕೈ ಅಡ್ಡ ಹಿಡಿದಿದ್ದಾನೆ, ಕಾಣೂದಿಲ್ವಾ?"

ವಾಸುವಿನ ತುಟಿಯಲ್ಲಿ ನಗು ಬಂತು. ಶಾರದೆ ಬಟ್ಟಲನ್ನು ಕೆಳಗಿಟ್ಟಳು. ಅವನು ಕಣ್ಣು ಮುಚ್ಚಿ, ಉಂಡು ಮುಗಿಸಿದವರ ಹಾಗೆ ದೊಡ್ಡದೊಂದು ಉಸಿರು ಬಿಟ್ಟು ನಿದ್ದೆ ಹೋದ. ನಾನು ಬಟ್ಟಲು ತೊಳೆದಿಟ್ಟು ಬಸ್ಸು ಹಿಡಿದೆ.