ಮಾವನವರ ಹೊಟ್ಟೆ ಮತ್ತು ನನ್ನ ಹಾರ್ನ್ ಸ್ವಿಚ್ಚು

ವಾಹನಗಳ ಸ್ಟೀರಿಂಗಿಗೆ ಹಾರ್ನ್ ಸ್ವಿಚ್ಚು ವಿನ್ಯಾಸ ಮಾಡುವುದು ನನ್ನ ಕೆಲಸ. ಗುಂಡ್ಲುಪೇಟೆಯ ಮಾವನವರ ಹಳೆಯ ಜೀಪಿನ ಹಾರ್ನ್, ಗುದ್ದಿದರೂ ಕೂಗುತ್ತಿರಲಿಲ್ಲ. ಬೆರಳು ಸೋಕಿದರೆ ಸಾಕು, ಒಳಗೆ ನುಣ್ಣಗೆ ಜಾರುವಂಥ ಸ್ವಿಚ್ಚನ್ನು ನಾನೇ ಮಾಡಿ ಕೂರಿಸಿದೆ.

ಮರುದಿನ ಚಾಮರಾಜನಗರಕ್ಕೆ ಮದುವೆಗೆ ಹೊರಟೆವು. ಪ್ರತಿ ತಿರುವಿನಲ್ಲೂ ಸ್ಟೀರಿಂಗ್ ಹಿಡಿದಿದ್ದ ಮಾವನವರ ಹೊಟ್ಟೆ ತಗುಲಿ ಹಾರ್ನ್ ಕೂಗಿತು. ಮುಂದೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಪಕ್ಕಕ್ಕೆ ಸರಿದು, "ದಾರಿ ಬುಟ್ಟಿವ್ನಲ್ಲ, ಇನ್ನೂ ಯಾಕ್ಲಾ ಬಡ್ಕತೀಯೆ?" ಎಂದು ಗದರಿದ. ಮಾವನವರಿಗೆ ನಗು ತಡೆಯಲಾಗಲಿಲ್ಲ. ನಕ್ಕಷ್ಟೂ ಹೊಟ್ಟೆ ಕುಣಿದು ಹಾರ್ನ್ ಇನ್ನಷ್ಟು ಕೂಗಿತು.

"ಸ್ವಿಚ್ಚು ಸಂದಾಗೇ ಅದೆ ಅಳಿಮಯ್ಯ, ನನ್ನ ಒಟ್ಟೆನೇ ರಿಪೇರಿ ಮಾಡ್ಬುಡು ಕಣಪ್ಪ," ಎಂದರು.

ಸಂಜೆ ಗಟ್ಟಿ ಸ್ಪ್ರಿಂಗ್ ಹಾಕಿದೆ. ಈಗ ಕಾರ್ಖಾನೆಯಲ್ಲಿ ಹೊಸ ಸ್ವಿಚ್ಚು ಪರೀಕ್ಷಿಸಲು ದಪ್ಪ ಹೊಟ್ಟೆಯವರನ್ನೇ ಮೊದಲು ಕೂರಿಸುತ್ತೇನೆ.