ತೊಟ್ಟಿಲ ಮೇಲಿನ ವಾಗ್ದಾನ

ತರೀಕೆರೆಯ ನಮ್ಮ ಚರ್ಚಿನಲ್ಲಿ ಹೊಸವರ್ಷದ ದಿನ ಎಲ್ಲರೂ ತಟ್ಟೆಯಿಂದ ಒಂದೊಂದು ವಾಗ್ದಾನದ ಚೀಟಿ ಎತ್ತುತ್ತೇವೆ. ಅದರಲ್ಲಿರುವ ಬೈಬಲ್ ವಾಕ್ಯವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗಳನ್ನು ಎದೆಗವಚಿಕೊಂಡು ನನ್ನ ಹೆಂಡತಿ ಎತ್ತಿದ ಚೀಟಿಯಲ್ಲಿ, ಆರಂಭ ಚಿಕ್ಕದಾದರೂ ಮುಂದೆ ಬಹಳ ಬೆಳೆಯುವೆ ಎಂದಿತ್ತು. ಅದನ್ನು ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿದಳು. ಈಸ್ಟರ್ ಬರುವಷ್ಟರಲ್ಲಿ ಮಗು ತೀರಿಕೊಂಡಿತು.

ಸಿಟ್ಟಿನಲ್ಲಿ, ಚೀಟಿಯ ಕೆಳಗೆ ನಮೂದಿಸಿದ್ದ ಯೋಬನ ಗ್ರಂಥ ತೆರೆದು ನೋಡಿದೆ. ಆ ಮಾತು ದೇವರದ್ದಲ್ಲ, ಮಕ್ಕಳನ್ನು ಕಳೆದುಕೊಂಡ ಯೋಬನನ್ನು ಸಂತೈಸಲು ಬಂದ ಗೆಳೆಯನದು. ಅದಕ್ಕೂ ಸ್ವಲ್ಪ ಮೇಲೆ ಆ ಪುಣ್ಯಾತ್ಮ, ನಿನ್ನ ಮಕ್ಕಳು ಸತ್ತದ್ದು ಅವರ ಪಾಪಕ್ಕೆ ಎಂದಿದ್ದಾನೆ. ಗೆಳೆಯರು ಆಡಿದ್ದು ಸರಿಯಲ್ಲವೆಂದು ಕೊನೆಗೆ ದೇವರೇ ಸಿಟ್ಟಾಗುತ್ತಾನೆ. ಮತ್ತೆ ಇದು ದೇವರ ವಾಗ್ದಾನ ಹೇಗಾಯಿತು ಎಂದು ಪಾಸ್ಟರನ್ನು ಕೇಳಿದೆ.

"ಬೈಬಲಲ್ಲಿರೋದೆಲ್ಲ ದೇವ್ರ ಮಾತೇ ಕಣ್ರೀ," ಎಂದವರು ಬೈಕ್ ಹತ್ತಿ ಅಜ್ಜಂಪುರದ ಪ್ರಾರ್ಥನಾಕೂಟಕ್ಕೆ ಹೋದರು.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ತೊಟ್ಟಿಲು ಬಿಚ್ಚಿದ ದಿನ ಚೀಟಿಯನ್ನೂ ಕೀಳಲು ಹೋದಾಗ ಅವಳು ನನ್ನ ಕೈ ತಡೆದಳು.

"ರೀ, ಇದು ದೇವ್ರು ಹೇಳಿದ್ದು ತಾನೇ?"

"ಹೂಂ," ಎಂದೆ.

"ಹಂಗಾದ್ರೆ ಬೈಬಲಲ್ಲಿ ಅದ್ರ ಮೇಲಿರೋ ಮಕ್ಕಳ ಪಾಪದ ಮಾತೂ ದೇವ್ರದೇ ಅಲ್ವಾ?"